ಮಂಜಿನೊಳಗಿಂದ ಬಂದ ಮೂರು ವಿಷಲ್

ಕೋವಿಡ್ ಕಳೆದ ಎರಡನೇ ವರ್ಷದ ಆಷಾಢ. ಆಗ ನಾನು ಒಂದು ವಿಶ್ವವಿದ್ಯಾಲಯದ ಫೀಲ್ಡ್ ಕೋರ್ಸಿನಲ್ಲಿ ಹಗ್ಗದ ಕೆಲಸದ ಮೇಲ್ವಿಚಾರಕನಾಗಿದ್ದೆ. ಮಳೆಕಾಡಿನ ಪರಿಸರವನ್ನು ಓದುವ ಎಂ.ಎಸ್ಸಿ. ಮಕ್ಕಳು ಕ್ಲಾಸ್‌ರೂಮು ಬಿಟ್ಟು ಕಾಡಿನಲ್ಲೇ ಕೆಲವು ವಾರ ಇದ್ದು ಕಲಿಯುವುದಕ್ಕೆ ಫೀಲ್ಡ್ ಕೋರ್ಸ್ ಎನ್ನುತ್ತಾರೆ. ಅಂಥ ಕಾಡಿನ ಮುಕ್ಕಾಲು ಬದುಕು ನೆಲದ ಮೇಲಲ್ಲ, ಮರಗಳ ನೆತ್ತಿಯಲ್ಲಿ ನಡೆಯುತ್ತದೆ. ಅದಕ್ಕೆ ಕ್ಯಾನಪಿ ಎಂದು ಹೆಸರು. ಮಕ್ಕಳನ್ನು ಅಲ್ಲಿಗೆ ಹಗ್ಗದಲ್ಲಿ ಹತ್ತಿಸಿ, ಅವರ ಕೆಲಸ ಮುಗಿದ ಮೇಲೆ ಇಳಿಸಿ, ಅಪ್ಪ ಅಮ್ಮಂದಿರಿಗೆ ಇಡಿಯಾಗಿ ಒಪ್ಪಿಸುವುದು ನನ್ನ ಕೆಲಸ. ಅಲ್ಲಿಯವರೆಗೆ ನನ್ನ ಹಗ್ಗದಿಂದ ಒಬ್ಬರೂ ಬಿದ್ದಿರಲಿಲ್ಲ.

ನಾನು ಓದಿದ್ದು ಏಳನೇ ಕ್ಲಾಸು. ಇದನ್ನು ನಾಚಿಕೊಂಡು ಹೇಳುತ್ತಿಲ್ಲ. ನಮ್ಮೂರು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ. ಶಾಲೆ ಬಿಟ್ಟ ವರ್ಷವೇ ಅಪ್ಪನ ಹಿಂದೆ ಹುಣಸೆ ಮರ ಹತ್ತಿದೆ. ನಮ್ಮ ಕಡೆ ವ್ಯಾಪಾರಿಗಳು ಹುಣಸೆಯನ್ನು ಮರದ ಮೇಲಿರುವಾಗಲೇ ಕೊಂಡುಕೊಳ್ಳುತ್ತಾರೆ. ಕೊಂಬೆ ಹತ್ತಿ ಬಡಿದು ಉದುರಿಸುವವರು ನಾವು. ಆ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಮರದ ಮೇಲಿರುವವನನ್ನು ಕೆಳಗಿನವರು ಹೆಸರು ಹಿಡಿದು ಕೂಗಬಾರದು. ಏನು ಹೇಳಬೇಕಿದ್ದರೂ ಸಿಳ್ಳೆ ಹಾಕಬೇಕು, ಇಲ್ಲವೇ ಬುಡಕ್ಕೆ ಕೋಲಿನಿಂದ ತಟ್ಟಬೇಕು. ಹೆಸರು ಕೇಳಿದವನು ತಾನೇ ತಾನಾಗಿ ತಿರುಗಿ ನೋಡುತ್ತಾನೆ, ತಿರುಗಿದಾಗ ಕಾಲು ಜಾರುತ್ತದೆ. ಇದು ಒಂದು ಕಾರಣ. ಅಪ್ಪ ಇನ್ನೊಂದು ಕಾರಣವನ್ನೂ ಹೇಳುತ್ತಿದ್ದ. ಹೆಸರು ಕೂಗಿದರೆ ಅದನ್ನು ಕೇಳಿಸಿಕೊಳ್ಳುವುದು ಮರದ ಮೇಲಿರುವವನೊಬ್ಬನೇ ಅಲ್ಲ ಎನ್ನುತ್ತಿದ್ದ. ವಿಶ್ವವಿದ್ಯಾಲಯದವರಿಗೆ ನಾನು ಮೊದಲನೆಯದನ್ನು ಮಾತ್ರ ಹೇಳಿದ್ದೆ. ಅವರಿಗೂ ಅದು ಸರಿಯೆನಿಸಿ, ನಮ್ಮ ಸಿಳ್ಳೆಯ ಬದಲು ಪ್ಲಾಸ್ಟಿಕ್ ವಿಷಲ್ ಬಂತು. ಒಂದು ಊದಿದರೆ ‘ಎಲ್ಲ ಸರಿಯಾ’ ಎಂದು ಕೇಳಿದ ಹಾಗೆ, ಅದಕ್ಕೆ ಉತ್ತರವೂ ಒಂದೇ. ಎರಡು ಊದಿದರೆ ‘ಹಗ್ಗ ಬಿಗಿ ಮಾಡಿ’, ಮೂರು ಊದಿದರೆ ‘ಇಳಿಸಿ’.

ಮಕ್ಕಳು ಘಟ್ಟದ ದೊಡ್ಡ ಕಾಡಿಗೆ ಹೋಗುವ ಮುಂಚೆ ಮೊದಲ ಎರಡು ವಾರ ನಮ್ಮ ಜಿಲ್ಲೆಯಲ್ಲೇ ತರಬೇತಿ. ಚಿಕ್ಕಬಳ್ಳಾಪುರದ ಸುತ್ತಲಿನ ಬೆಟ್ಟಗಳಲ್ಲಿ ಒಂದರ ನೆತ್ತಿಯ ಮೇಲೆ ಒಂದು ತುಂಡು ಕಾಡಿದೆ. ಯಾವ ಬೆಟ್ಟ ಎಂದು ಬರೆಯುವುದಿಲ್ಲ. ಬರೆದರೆ ಮುಂದಿನ ಭಾನುವಾರವೇ ಬೈಕುಗಳು ಬಂದು ನಿಲ್ಲುತ್ತವೆ. ಕೆಳಗೆ ಬಂಡೆ, ಜಾಲಿ, ಒಣ ಹುಲ್ಲು. ಮೇಲೆ ಹೋದರೆ ಮೈಗೆ ಪಾಚಿ ಹೊದ್ದ ನೇರಳೆ ಮರಗಳು, ಕೊಂಬೆಗೆ ಅಂಟಿದ ಸೀತಾಳೆ ಎಂಬ ಆರ್ಕಿಡ್ ಗಿಡಗಳು, ಕಾಲಿಟ್ಟರೆ ಮೆತ್ತಗಿರುವ ನೆಲ. ಆಷಾಢದಲ್ಲಿ ಮೋಡ ಆ ನೆತ್ತಿಗೆ ಬಂದು ಕೂರುತ್ತದೆ. ಎಲೆಗಳು ಆ ಮಂಜನ್ನು ಹಿಡಿದು ನೀರು ಮಾಡಿ ಕೆಳಗೆ ಸುರಿಸುತ್ತವೆ. ಹತ್ತು ಹೆಜ್ಜೆ ಆಚೆ ಬಂಡೆ ಬರೀ ಒದ್ದೆಯಾಗಿರುತ್ತದೆ, ಮರದ ಕೆಳಗೆ ಮಾತ್ರ ತಟತಟ ಮಳೆ. ಎಷ್ಟು ವರ್ಷ ನೋಡಿದರೂ ಆ ಮಳೆ ನನಗೆ ಒಗ್ಗಿಲ್ಲ. ಆಕಾಶದಿಂದ ಬಾರದ ಮಳೆ ಅದು.

ಕೋರ್ಸಿನ ಮುಖ್ಯಸ್ಥೆ ವಸುಧಾ ಮೇಡಂ. ನನ್ನ ಜೊತೆಗಾರ ಬಾಷಾ, ಶಿಡ್ಲಘಟ್ಟದವನು. ಮೊದಲು ಅಲ್ಲಿ ರೇಷ್ಮೆ ಗೂಡಿನಿಂದ ನೂಲು ತೆಗೆಯುತ್ತಿದ್ದ. ಹತ್ತುವವರ ಸೊಂಟದಿಂದ ಮೇಲಿನ ಕೊಂಬೆ ಹಾದು ಇಳಿದ ಹಗ್ಗವನ್ನು ಕೆಳಗೆ ನಿಂತು ಬ್ರೇಕಿನಲ್ಲಿ ಹಿಡಿಯುವುದು, ಅಂದರೆ ಬಿಲೇ ಮಾಡುವುದು, ಅವನ ಕೆಲಸ. ಆ ಸಲ ನೇರಳೆಯ ಮೇಲೆ ಕೆಲಸ ಮಾಡುತ್ತಿದ್ದ ಹುಡುಗಿ ಗೌರಿಬಿದನೂರಿನ ಹರ್ಷಿತಾ. ಮಂಜಿನಿಂದ ಕಾಡಿಗೆ ಎಷ್ಟು ನೀರು ಸಿಗುತ್ತದೆ ಎಂಬುದು ಅವಳ ಪ್ರಾಜೆಕ್ಟು. ಸುಮಾರು ಅರವತ್ತು ಅಡಿ ಮೇಲೆ ಬಾಟಲಿಗಳನ್ನು ಕಟ್ಟಿ ದಿನವೂ ಹತ್ತಿ ನೀರು ಅಳೆಯುತ್ತಿದ್ದಳು. ಮಾತು ಜಾಸ್ತಿ, ಕೈ ಚುರುಕು.

"ರವಣಣ್ಣ, ಹುಣಸೆ ಮರ ಕಷ್ಟಾನಾ ನೇರಳೆ ಮರ ಕಷ್ಟಾನಾ?" ಎಂದು ಮೊದಲ ದಿನವೇ ನನ್ನನ್ನು ಕೇಳಿದಳು.

"ಹುಣಸೆ ಮರದಲ್ಲಿ ಹಿಂಗೆ ಪ್ರಶ್ನೆ ಕೇಳೋರು ಇರಲ್ಲಮ್ಮ. ಅದಕ್ಕೇ ಅದು ಸುಲಭ."

ಮೊದಲ ದಿನಗಳು ಚೆನ್ನಾಗಿಯೇ ಕಳೆದವು. ಆಮೇಲೆ ಒಂದು ಮಧ್ಯಾಹ್ನ ನಾವೆಲ್ಲ ಕಾಡಿನ ಅಂಚಿನ ಬಂಡೆಯ ಮೇಲೆ ಕೂತು ಚಿತ್ರಾನ್ನ ತಿನ್ನುತ್ತಿದ್ದೆವು. ಒಳಗಿನಿಂದ ಎರಡು ವಿಷಲ್ ಕೇಳಿಸಿತು. ಸ್ವಲ್ಪ ಬಿಟ್ಟು ಮೂರು.

"ನಿತಿನ್, ಆಟ ಸಾಕು ಬಾರೋ," ಎಂದಳು ಹರ್ಷಿತಾ.

"ನಾನು ಇಲ್ಲೇ ಇದೀನಲ್ಲೇ, ನಿನ್ನ ಉಪ್ಪಿನಕಾಯಿ ತಿಂತಾ," ಎಂದ ಅವಳ ಹಿಂದೆ ಕೂತಿದ್ದ ಹುಡುಗ.

ಎಲ್ಲರೂ ನಕ್ಕರು. ನಾನು ತಲೆ ಎಣಿಸಿದೆ. ಎಲ್ಲರೂ ಇದ್ದರು. ವಿಷಲ್‌ಗಳೂ ಕೊರಳಲ್ಲೇ ಇದ್ದವು. ಮೇಡಂ ಊಟ ಬಿಟ್ಟು ದುರ್ಬೀನು ಹಿಡಿದು ಎದ್ದರು. ಭೀಮರಾಜ ಎಂಬ ಕಪ್ಪು ಹಕ್ಕಿಯೊಂದಿದೆ, ಬಾಲದಲ್ಲಿ ಎರಡು ಉದ್ದ ಗರಿ, ಕೇಳಿದ ಸದ್ದನ್ನೆಲ್ಲ ಅಣಕಿಸುತ್ತದೆ, ಈ ಬೆಟ್ಟದಲ್ಲಿ ಅದು ಸಿಕ್ಕರೆ ದೊಡ್ಡ ವಿಷಯ ಎಂದು ಹೇಳಿ ಒಳಗೆ ಹೋದರು. ಅರ್ಧ ಗಂಟೆ ಬಿಟ್ಟು ತಲೆಯೆಲ್ಲ ನೆನೆಸಿಕೊಂಡು ಬಂದರು. ಹಕ್ಕಿ ಸಿಗಲಿಲ್ಲ.

ಬಾಷಾ ಮಾತ್ರ ಅನ್ನದ ತಟ್ಟೆ ಕೆಳಗಿಟ್ಟು ಕೂತಿದ್ದ. "ಹಕ್ಕಿ ವಿಷಲ್ ಸದ್ದು ಅಣಕಿಸ್ತು, ಸರಿ. ನಾವು ಊದೋ ವರಸೇಲೇ ಯಾಕೆ ಊದ್ತು ರವಣಣ್ಣ? ಮೊದಲು ಬಿಗಿ ಮಾಡು ಅಂತು, ಆಮೇಲೆ ಇಳಿಸು ಅಂತು."

"ನಾವು ದಿನಾ ಊದೋದು ಅದೇ ವರಸೇಲಿ ಅಲ್ವೇನಪ್ಪ. ಅದನ್ನೇ ಕಲಿತಿರುತ್ತೆ," ಎಂದೆ. ನನ್ನ ಮಾತು ನನಗೆ ಸರಿಯಾಗಿಯೇ ಕೇಳಿಸಿತು.

ಮಾರನೆಯ ದಿನ ಬೆಳಗ್ಗೆ ಮೋಡ ಎಷ್ಟು ದಟ್ಟವಾಗಿತ್ತೆಂದರೆ ಚಾಚಿದ ಕೈಯ ಬೆರಳು ಮಾಸಲಾಗಿ ಕಾಣುತ್ತಿತ್ತು. ಹರ್ಷಿತಾಗೆ ಅಂಥ ದಿನವೇ ಬೇಕು. ಮಂಜಿನ ನೀರು ಅಳೆಯುವವಳು ಬಿಸಿಲಿನಲ್ಲಿ ಹತ್ತಿ ಏನು ಮಾಡುತ್ತಾಳೆ? ಹಾರ್ನೆಸ್ ಎಂಬ ಸೊಂಟಪಟ್ಟಿಯನ್ನು ನಾನೇ ಕಟ್ಟಿದೆ, ಕೊಂಡಿಗಳನ್ನು ಎರಡು ಸಲ ಎಳೆದು ನೋಡಿದೆ. ಅವಳು ಹತ್ತಿದಳು. ಮೂರಾಳು ಎತ್ತರಕ್ಕೆ ಹೋಗುವಷ್ಟರಲ್ಲಿ ಬೂಟುಗಳೂ ಕಾಣದಾದವು. ಆಮೇಲೆ ಅವಳು ಅಲ್ಲಿದ್ದಾಳೆ ಎನ್ನುವುದಕ್ಕೆ ಬಾಷಾನ ಕೈಯಲ್ಲಿ ಸರಿಯುತ್ತಿದ್ದ ಹಗ್ಗವೊಂದೇ ಗುರುತು. ಅದೂ ನಿಂತಿತು. ಎರಡು ವಿಷಲ್ ಬಂತು. ಬಾಷಾ ಹಗ್ಗ ಬಿಗಿ ಮಾಡಿದ.

ಅದು ನಾವು ಕಲಿಸಿದ ಕ್ರಮ. ಕೊಂಬೆಯ ಮೇಲೆ ಪಾದ ಊರಿ, ಕಾಂಡಕ್ಕೆ ಒಂದು ಗಿಡ್ಡ ಪಟ್ಟಿ ಸುತ್ತಿ ಸೊಂಟಕ್ಕೆ ಹಾಕಿಕೊಂಡು, ಬಿಗಿ ಹಗ್ಗದ ಮೇಲೆ ಮೈಯ ಭಾರ ಬಿಟ್ಟು ಹಿಂದಕ್ಕೆ ಒರಗಬೇಕು. ಆಗ ಎರಡೂ ಕೈ ಬಿಡುವಾಗುತ್ತವೆ, ಬಾಟಲಿ ಬಿಚ್ಚಬಹುದು. ಆ ಗಳಿಗೆಯಲ್ಲಿ ಅವಳ ಬೆನ್ನ ಹಿಂದೆ ಇರುವುದು ಗಾಳಿ ಮತ್ತು ಬಾಷಾ, ಅಷ್ಟೇ.

ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬೇರೆ ಸದ್ದಿಲ್ಲ. ಮೇಡಂ ಉಳಿದ ಮಕ್ಕಳೊಂದಿಗೆ ಬಂಡೆಯ ಅಂಚಿನಲ್ಲಿದ್ದರು. ಮೇಲಿನಿಂದ ಮೂರು ವಿಷಲ್ ಬಂತು. ಸ್ಪಷ್ಟವಾಗಿ, ಆತುರವಿಲ್ಲದೆ.

ಬಾಷಾ ಬ್ರೇಕು ಸಡಿಲಿಸಿದ.

ಒಂದು ಮಾರು ಹಗ್ಗ ಸರ್ರನೆ ಮೇಲೆ ಹೋಯಿತು, ಜೊತೆಗೇ ಮೇಲೆ ಏನೋ ದಪ್ಪಗೆ ಕಾಂಡಕ್ಕೆ ಬಡಿಯಿತು. ಬಾಷಾ ಹಗ್ಗ ಹಿಡಿದ. ನೀರಿನ ಬಾಟಲಿಯೊಂದು ಕೊಂಬೆಯಿಂದ ಕೊಂಬೆಗೆ ಬಡಿಯುತ್ತ ಬಂದು ನಮ್ಮ ಕಾಲ ಬಳಿ ಬಿತ್ತು. ಹಗ್ಗದಲ್ಲಿ ಭಾರವೇ ಇರಲಿಲ್ಲ.

"ಯಾ ಅಲ್ಲಾ," ಎಂದ ಬಾಷಾ. "ಇಳಿಸು ಅಂತು ಅಲ್ವಾ? ನೀನೂ ಕೇಳ್ದೆ ತಾನೆ?"

"ಕೇಳ್ದೆ. ಹಿಡ್ಕೊಂಡಿರು. ಬಿಡಲೂ ಬೇಡ, ಎಳೀಲೂ ಬೇಡ."

ಅವಳು ಗಿಡ್ಡ ಪಟ್ಟಿಯಲ್ಲಿ ನೇತುಬಿದ್ದಿದ್ದಾಳೆ ಎಂದು ಗೊತ್ತಾಯಿತು. ಕಾಂಡಕ್ಕೆ ಹೇಗೆ ಸಿಕ್ಕಿಕೊಂಡಿದ್ದಾಳೆ, ತಲೆಗೆ ಪೆಟ್ಟಾಗಿದೆಯೇ, ಒಂದೂ ಗೊತ್ತಿಲ್ಲ. ಸೊಂಟಪಟ್ಟಿಯಲ್ಲಿ ಅಲುಗದೆ ನೇತಾಡಿದರೆ ರಕ್ತ ಕಾಲುಗಳಲ್ಲೇ ನಿಂತುಬಿಡುತ್ತದೆ, ಪ್ರಜ್ಞೆ ತಪ್ಪುತ್ತದೆ, ಕೆಲವೇ ನಿಮಿಷಗಳಲ್ಲಿ ಜೀವಕ್ಕೂ ಕುತ್ತು ಬರಬಹುದು. ಸಸ್ಪೆನ್ಷನ್ ಟ್ರಾಮಾ ಎನ್ನುತ್ತಾರೆ ಅದಕ್ಕೆ. ಕಣ್ಣಿಗೆ ಕಾಣದೆ ಹಗ್ಗ ಎಳೆದರೆ ಅದು ಅವಳ ಕುತ್ತಿಗೆಗೇ ಸುತ್ತಬಹುದು.

ನಾನು ಒಂದು ವಿಷಲ್ ಊದಿದೆ. ಎಲ್ಲ ಸರಿಯಾ?

ಮೇಲಿನಿಂದ ಒಂದು ವಿಷಲ್ ಬಂತು. ನನ್ನ ಎದೆ ಹಗುರಾಗುವಷ್ಟರಲ್ಲಿ ಎಡಗಡೆಯ ಮರಗಳಿಂದ ಇನ್ನೊಂದು ಬಂತು. ಆಮೇಲೆ ನಮ್ಮ ಬೆನ್ನ ಹಿಂದಿನಿಂದ, ತಲೆ ಎತ್ತರದಲ್ಲಿ, ಮತ್ತೊಂದು. ಎಲ್ಲ ಸರಿ, ಎಲ್ಲ ಸರಿ, ಎಲ್ಲ ಸರಿ.

ಬಾಷಾ ನನ್ನ ಮುಖ ನೋಡಿದ. ಹದಿನೈದು ವರ್ಷ ಜೊತೆಗೆ ದುಡಿದವರು ನಾವು. ಅವನ ಕಣ್ಣಿನಲ್ಲಿ ಆ ಭಯ ನಾನು ಹಿಂದೆ ಕಂಡಿರಲಿಲ್ಲ. ನಮ್ಮ ಮಾತು ಎಂದು ನಾವಂದುಕೊಂಡಿದ್ದು ಆ ಕ್ಷಣಕ್ಕೆ ನಮ್ಮದಾಗಿ ಉಳಿದಿರಲಿಲ್ಲ. ಯಾವುದು ಹುಡುಗಿಯ ಉತ್ತರ, ಯಾವುದು ಅಲ್ಲ, ಹೇಳುವುದು ಹೇಗೆ?

ಅಷ್ಟರಲ್ಲಿ ಮೇಡಂ ಸದ್ದು ಕೇಳಿ ಓಡಿಬಂದರು. ಬಿದ್ದ ಬಾಟಲಿ ನೋಡಿದರು, ಮೇಲೆ ನೋಡಿದರು, ಕೂಗುವುದಕ್ಕೆ ಬಾಯಿ ತೆರೆದರು.

"ಹೆಸರು ಬೇಡ ಮೇಡಂ," ಎಂದು ಅಡ್ಡ ಬಂದೆ.

"ರವಣಣ್ಣ, ಇದು ಆಚಾರ ನೋಡೋ ಟೈಮಾ? ಹುಡುಗಿ ಜೀವ ರೀ!"

"ಅದಕ್ಕೇ ಬೇಡ ಅಂತಿರೋದು. ಅವಳು ಯಾವ ಸ್ಥಿತೀಲಿದಾಳೆ ಅಂತ ಗೊತ್ತಿಲ್ಲ. ನಿಮ್ಮ ದನಿ ಕೇಳಿ ಒದ್ದಾಡಿದ್ರೆ ಪಟ್ಟಿ ಜಾರುತ್ತೆ. ನಾನು ಹೋಗ್ತೀನಿ."

ಅವರ ಮುಖ ಕೆಂಪಾಯಿತು. ಆದರೆ ಕೂಗಲಿಲ್ಲ.

ಪಕ್ಕದಲ್ಲಿ ಕಟ್ಟಿಟ್ಟಿದ್ದ ಎರಡನೇ ಹಗ್ಗದಲ್ಲಿ ಹತ್ತಿದೆ. ನೆಲ ಕಾಣದಾಯಿತು. ಮೇಲೂ ಇಲ್ಲ, ಕೆಳಗೂ ಇಲ್ಲ, ಮೂಗಿನ ಮುಂದೆ ಒಂದು ಮೊಳ ಪಾಚಿ. ಹತ್ತುತ್ತಿದ್ದಂತೆ ವಿಷಲ್‌ಗಳು ಸುತ್ತ ಸರಿಯತೊಡಗಿದವು. ಮೂರು ಬಲಗಡೆ. ಮೂರು ಮೇಲೆ. ಆಮೇಲೆ ನನ್ನ ಪಾದಗಳ ಕೆಳಗೆ, ನಾನು ಈಗಷ್ಟೇ ದಾಟಿ ಬಂದ ಕೊಂಬೆಯಿಂದ, ಮೂರು. ಇಳಿಸಿ, ಇಳಿಸಿ, ಇಳಿಸಿ. ಕೆಳಗೆ ನನ್ನ ಹಗ್ಗಕ್ಕೆ ಯಾರೂ ಕೈ ಹಾಕದಿರಲಿ ಎಂದುಕೊಳ್ಳುತ್ತ ಹತ್ತಿದೆ.

ಹರ್ಷಿತಾ ಕಾಂಡವನ್ನು ತಬ್ಬಿಕೊಂಡು ಪಟ್ಟಿಯಲ್ಲಿ ನೇತಾಡುತ್ತಿದ್ದಳು. ತುಟಿ ಒಡೆದು ರಕ್ತ, ಹೆಗಲಿನ ಬಟ್ಟೆ ಹರಿದಿತ್ತು. ಕಣ್ಣು ತೆರೆದಿತ್ತು. ನಾನು ಮೊದಲು ಮಾಡಿದ ಕೆಲಸವೆಂದರೆ ಅವಳ ಎರಡೂ ಕಾಲನ್ನು ನನ್ನ ತೊಡೆಯ ಮೇಲೆ ಇರಿಸಿಕೊಂಡು ಪಟ್ಟಿಯ ಭಾರ ಇಳಿಸಿದ್ದು. ಅವಳು ಉಸಿರೆಳೆದುಕೊಂಡು ಅತ್ತಳು.

"ಆಯ್ತು ತಾಯಿ, ಆಯ್ತು. ವಿಷಲ್ ಯಾಕಮ್ಮ ಊದಿದೆ?"

"ನಾನೆಲ್ಲಿ ಊದಿದೆ? ಎರಡು ಊದಿದ್ದೇ ಕಡೆ. ಆಮೇಲೆ ಕೊರಳಿಂದ ತೆಗೆದು ಜೇಬಿಗೆ ಹಾಕ್ಕೊಂಡೆ." ಹಾರ್ನೆಸ್ಸಿನ ಜೇಬಿನ ಜಿಪ್ಪು ಹಾಕಿದ ಹಾಗೇ ಇತ್ತು. "ನೀವ್ಯಾಕೆ ಕರೆದಿದ್ದು?"

"ಏನು?"

"ಹೆಸರು ಕರೆದ್ರಲ್ಲ ಅಣ್ಣ. ಹರ್ಷಿತಾ, ಹರ್ಷಿತಾ ಅಂತ. ನೀವು ಯಾವತ್ತೂ ಕರೆಯಲ್ವಲ್ಲ, ಏನೋ ಆಗಿದೆ ಅಂತ ಬಗ್ಗಿ ನೋಡ್ದೆ. ಆಗಲೇ ಹಗ್ಗ ಬಿಟ್ಟುಬಿಟ್ರಿ."

ನನ್ನ ಬೆನ್ನಿನ ಮೇಲೆ ಬೀಳುತ್ತಿದ್ದ ನೀರು ಒಮ್ಮೆಲೇ ತಣ್ಣಗಾದಂತಾಯಿತು. ಮರದ ಮೇಲಿರುವವರ ಹೆಸರನ್ನು ನಾನು ಹುಟ್ಟಿದಾಗಿನಿಂದ ಕೂಗಿದವನಲ್ಲ. ಬಾಷಾ ಕೂಗಿರಲಿಲ್ಲ, ಪಕ್ಕದಲ್ಲೇ ಇದ್ದೆನಲ್ಲ. ಮೇಡಂ ಆಗಿನ್ನೂ ಬಂದಿರಲಿಲ್ಲ.

"ಯಾರ ದನಿ ಥರ ಇತ್ತು?" ಎಂದು ಕೇಳಿದೆ. ಕೇಳಬಾರದಿತ್ತೇನೋ.

ಅವಳು ಯೋಚಿಸಿದಳು. "ನಿಮ್ಮದೇ. ಸ್ವಲ್ಪ ಚಿಕ್ಕೋರಿದ್ದಾಗಿನ ಥರ."

"ಮೊದಲು ಇಳಿಯಣ. ಆಮೇಲೆ ಮಾತು."

ಅವಳನ್ನು ನನ್ನ ಹಗ್ಗಕ್ಕೇ ಸೇರಿಸಿ ಕಟ್ಟಿ, ನನ್ನ ಬ್ರೇಕಿನಲ್ಲಿ ನಾನೇ ಇಳಿಸಿಕೊಂಡು ಬಂದೆ. ಯಾರಿಗೂ ಸನ್ನೆ ಮಾಡಲಿಲ್ಲ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮೂಳೆ ಸರಿಯಿದೆ ಎಂದರು. ಹೆಗಲಿಗೆ ಬ್ಯಾಂಡೇಜು, ತುಟಿಗೆ ಹೊಲಿಗೆ. ಸಂಜೆ ಮೇಡಂ ನನ್ನನ್ನೂ ಬಾಷಾನನ್ನೂ ಕೂರಿಸಿಕೊಂಡು ನಡೆದದ್ದನ್ನು ಮೊದಲಿನಿಂದ ಕೇಳಿದರು. ಬಾಷಾ ತಲೆ ಎತ್ತಲಿಲ್ಲ.

"ಬಾಷಾದು ತಪ್ಪಲ್ಲ," ಎಂದೆ. "ಮೂರು ಬಂದ್ರೆ ಇಳಿಸು ಅನ್ನೋದು ನಾನು ಮಾಡಿದ ಕಾನೂನು. ಅವನು ಅದರಂತೆ ಮಾಡಿದ."

"ವಿಷಲ್ ಹಕ್ಕೀದು. ಅದರಲ್ಲಿ ನನಗೆ ಅನುಮಾನ ಇಲ್ಲ," ಎಂದರು ಮೇಡಂ. "ಭೀಮರಾಜ ಸಾಕಿದ್ರೆ ಮಾತೂ ಕಲಿಯುತ್ತೆ ಅಂತಾರೆ. ಕಾಡಲ್ಲಿ ಇರೋದು ಒಬ್ಬರ ಹೆಸರು ಹಿಡಿದು ಕರೆಯುತ್ತೆ ಅಂತ ಮಾತ್ರ ನಾನು ಎಲ್ಲೂ ಬರೆಯಲಾರೆ."

"ಹಕ್ಕಿ ಅಲ್ಲ ಮೇಡಂ," ಎಂದ ಬಾಷಾ, ಅಷ್ಟೇ.

ಮರದ ಕೆಲಸ ನಿಲ್ಲಿಸಿದರು. ಮೂರನೇ ದಿನ ಹರ್ಷಿತಾ ಊದಿದ ತುಟಿ ಇಟ್ಟುಕೊಂಡು ನನ್ನ ಮುಂದೆ ಬಂದು ನಿಂತಳು. ಮತ್ತೆ ಹತ್ತಬೇಕಂತೆ.

"ಪ್ರಾಜೆಕ್ಟು ಹೋದ್ರೆ ಹೋಗ್ಲಿ ಅಣ್ಣ, ಅದಕ್ಕಲ್ಲ. ಕಣ್ಣು ಮುಚ್ಚಿದ್ರೆ ಆ ದನಿ ಕೇಳುತ್ತೆ. ಈಗ ಹತ್ತದೆ ಊರಿಗೆ ಹೋದ್ರೆ ಜೀವಮಾನ ಪೂರ್ತಿ ನಾನು ಯಾವ ಮರಾನೂ ಹತ್ತಲ್ಲ. ಓದಿದ್ದೆಲ್ಲ ದಂಡ."

ಮೇಡಂ ನಿರ್ಧಾರವನ್ನು ನನಗೇ ಬಿಟ್ಟರು. "ನೀವು ಹೂಂ ಅಂದ್ರೆ ಹೂಂ, ಇಲ್ಲ ಅಂದ್ರೆ ಇಲ್ಲ."

ನಾನು ಇಲ್ಲ ಅಂದೆ. ಹಗ್ಗ ನನ್ನದು, ಯಾರಾದರೂ ಬಿದ್ದರೆ ಕೆಡುವ ಹೆಸರೂ ನನ್ನದು. ಮೇಲಿರುವವರ ಮಾತು ಕೆಳಗೆ ನಂಬುವ ಹಾಗೆ ಬರದಿದ್ದ ಮೇಲೆ ಯಾರನ್ನೂ ಹತ್ತಿಸುವುದಿಲ್ಲ ಎಂದೆ. ದಾರಿ ತೋರಿಸಿದ್ದು ಬಾಷಾ. ಅಂದಿನಿಂದ ಅವನು ಸರಿಯಾಗಿ ಉಂಡಿರಲಿಲ್ಲ.

"ಗೂಡಿಂದ ಎಳೆ ಬಿಚ್ಚುವಾಗ ಎಳೆ ಕಡಿದ್ರೆ ಯಾವ ಸದ್ದೂ ಬರಲ್ಲ ರವಣಣ್ಣ. ಮಷೀನು ಗಡಗಡ ಅಂತಿರುತ್ತೆ. ಆದ್ರೂ ಬೆರಳಿಗೆ ಗೊತ್ತಾಗುತ್ತೆ. ಅವಳ ಸೊಂಟದಿಂದ ನಿನ್ನ ಕೈಗೆ ಒಂದು ದಾರ ಕಟ್ಟು. ಕಿವೀನೇ ಬೇಡ."

ಮಾರನೆಯ ದಿನ ಗಟ್ಟಿಯಾದ ತೆಳು ನೈಲಾನ್ ದಾರದ ಒಂದು ತುದಿ ಅವಳ ಪಟ್ಟಿಗೆ, ಇನ್ನೊಂದು ನನ್ನ ಮಣಿಕಟ್ಟಿಗೆ. ಸನ್ನೆಗಳನ್ನೂ ಬದಲಾಯಿಸಿದೆ, ಅವಳ ಕಿವಿಯಲ್ಲಿ ಹೇಳಿದೆ, ಬಾಷಾನ ಕಿವಿಯಲ್ಲಿ ಹೇಳಿದೆ. ಬಯಲಿನಲ್ಲಿ ಜೋರಾಗಿ ಹೇಳಲಿಲ್ಲ. ಇಲ್ಲಿಯೂ ಬರೆಯುವುದಿಲ್ಲ.

ಅಂದೂ ಮೋಡವಿತ್ತು. ಅವಳು ಹತ್ತಿದಳು, ಮಂಜು ನುಂಗಿತು. ಸ್ವಲ್ಪ ಹೊತ್ತಿಗೆ ಮೇಲಿನಿಂದ ಮೂರು ವಿಷಲ್ ಬಂತು. ಬಾಷಾನ ಕೈ ಬ್ರೇಕಿನ ಮೇಲೆ ಕಲ್ಲಿನ ಹಾಗಿತ್ತು. ಮತ್ತೆ ಮೂರು. ಅವನ ಹಣೆಯಿಂದ ಬೆವರು ಇಳಿಯಿತು, ಕೈ ಅಲುಗಲಿಲ್ಲ. ನನ್ನ ಮಣಿಕಟ್ಟಿನಲ್ಲಿ ದಾರ ಸುಮ್ಮನಿತ್ತು, ಅವಳು ಉಸಿರಾಡುವುದು ಕೂಡ ಅದರಲ್ಲಿ ತಿಳಿಯುತ್ತಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆಮೇಲೆ ದಾರ ಎಳೆಯಿತು, ನಾವು ಮಾತಾಡಿಕೊಂಡಿದ್ದ ಹಾಗೆ. ನಾನು ತಲೆಯಾಡಿಸಿದೆ, ಬಾಷಾ ಇಳಿಸಿದ. ತುಂಬಿದ ಬಾಟಲಿ ಎದೆಗೊತ್ತಿಕೊಂಡು ಬಂದ ಹುಡುಗಿ ನೆಲಕ್ಕೆ ಕಾಲಿಟ್ಟವಳೇ ಬಾಷಾನ ಕೈ ಹಿಡಿದುಕೊಂಡು, "ಬಾಷಾ ಅಣ್ಣ, ಇವತ್ತು ಊಟ ಮಾಡಿ," ಎಂದಳು. ಅವನು ಅತ್ತುಬಿಟ್ಟ.

ಅವರಿಬ್ಬರನ್ನೂ ಮುಂದೆ ಕಳಿಸಿ, ನಾನು ಸಾಮಾನು ಸುತ್ತಲು ಉಳಿದೆ. ಅವಳ ಪಟ್ಟಿಯಿಂದ ಬಿಚ್ಚಿದ ದಾರ ಮೇಲೆ ಒಂದು ಕವಲಿನ ಮೇಲಿಂದ ಹಾದು ಕೆಳಗೆ ಬಂದಿತ್ತು. ಆ ತುದಿ ಬಿಟ್ಟು, ನನ್ನ ಮಣಿಕಟ್ಟಿಗೆ ಇನ್ನೂ ಕಟ್ಟಿದ್ದ ತುದಿಯನ್ನು ಎಳೆದೆ. ಬಿಟ್ಟ ತುದಿ ಮಂಜಿನೊಳಗೆ ಏರಿ ಹೋಯಿತು. ಅರ್ಧ ಬಂದು ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದೆ. ಕೊಂಚ ಬಂತು. ಆಮೇಲೆ ಮೇಲಿನಿಂದ ದಾರವನ್ನು ಯಾರೋ ಮೆಲ್ಲಗೆ ತಮ್ಮ ಕಡೆ ಎಳೆದುಕೊಂಡಂತಾಯಿತು.

ಒದ್ದೆ ರೆಂಬೆ ಬಾಗಿ ಹಿಂದಕ್ಕೆ ಚಿಮ್ಮಿದರೆ ಹಾಗೇ ಆಗುತ್ತದೆ. ನೂರು ಸಲ ಆಗಿದೆ. ನಾನು ಜೇಬಿನಿಂದ ಚಾಕು ತೆಗೆದು ಮಣಿಕಟ್ಟಿನ ಹತ್ತಿರವೇ ದಾರ ಕತ್ತರಿಸಿದೆ. ತುದಿ ಕೈಯಿಂದ ಜಾರಿ ಮಂಜಿನೊಳಗೆ ಹೋಯಿತು.

ಈಗಲೂ ಪ್ರತಿ ವರ್ಷ ಆ ಬೆಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಹಕ್ಕಿಯೋ ಮತ್ತೊಂದೋ ಎಂದು ಹೊಸಬರು ಕೇಳುತ್ತಾರೆ. ನನ್ನ ಕೆಲಸಕ್ಕೆ ಆ ಉತ್ತರ ಬೇಕಿಲ್ಲ. ಅದು ಏನೇ ಆಗಿರಲಿ, ಅದರ ಮಾತಿಗೆ ನನ್ನವರ ಕೈ ಅಲುಗದಂತೆ ಕ್ರಮ ಕಟ್ಟಿದರೆ ಸಾಕು. ಹತ್ತಿಸಿದಷ್ಟೂ ಜನ ನೆಲಕ್ಕೆ ಬಂದರೇ ಎಂದು ಮುಖ ನೋಡಿ ಎಣಿಸುತ್ತೇನೆ. ಲೆಕ್ಕ ಸರಿಹೋದ ಮೇಲೆ ಮೇಲಿನಿಂದ ಯಾರು ಕರೆದರೂ, ಯಾರ ದನಿಯಲ್ಲಿ ಕರೆದರೂ, ನಾನು ಚೀಲ ಹೆಗಲಿಗೇರಿಸಿ ಬೆಟ್ಟ ಇಳಿಯುತ್ತೇನೆ.